ಹೆಣೆಯುವ ಕೈಗಳನ್ನೂ ದುಡಿಮೆಯ ಲೆಕ್ಕಕ್ಕೆ ಸೇರಿಸಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಾನು ತೀರ್ಥಹಳ್ಳಿಯಲ್ಲಿ ಉಲ್ಲನ್ ಹೆಣಿಗೆ ಮತ್ತು ಕ್ರೋಶಾ, ಅಂದರೆ ಒಂದೇ ಕೊಕ್ಕೆ ಕಡ್ಡಿಯಲ್ಲಿ ದಾರ ಹೆಣೆಯುವುದನ್ನು ಕಲಿಸುತ್ತೇನೆ. ಮಳೆಗಾಲದಲ್ಲಿ ಸುತ್ತಮುತ್ತಲ ಹೋಂಸ್ಟೇಗಳಲ್ಲಿ ಮೂರು ದಿನಗಳ ವಸತಿ ಶಿಬಿರ, ಉಳಿದ ತಿಂಗಳುಗಳಲ್ಲಿ ಮನೆಯ ಜಗಲಿಯಲ್ಲೇ ತರಗತಿ. ಇದೇ ನನ್ನ ಉದ್ಯೋಗ. ಮಗಳ ಕಾಲೇಜು ಫೀಸು ಹೋಗುವುದೂ ಇದರಿಂದಲೇ. ಆದರೂ ಬ್ಯಾಂಕಿನಲ್ಲಿ ಸಾಲದ ಅರ್ಜಿ ತುಂಬುವಾಗ ಎದುರಿಗೆ ಕೂತವರು ನನ್ನನ್ನು ಕೇಳದೆಯೇ ಉದ್ಯೋಗದ ಜಾಗದಲ್ಲಿ ಗೃಹಿಣಿ ಎಂದು ಬರೆದರು. ಪತ್ರಿಕೆಗಳ ಮಹಿಳಾ ಪುಟಗಳೂ ನಮ್ಮ ಕೆಲಸವನ್ನು ಮಧ್ಯಾಹ್ನದ ಹೊತ್ತು ಕಳೆಯುವ ದಾರಿಯಾಗಿಯೇ ತೋರಿಸುತ್ತವೆ. ಇದರಿಂದ ನಮ್ಮ ಕೂಲಿಗೆ ಏನಾಗುತ್ತಿದೆ ಎಂದು ಹೇಳಲು ಈ ಪತ್ರ.

ನಮ್ಮ ಕಡೆ ಕ್ರೋಶಾ ಕಡ್ಡಿ ಹೆಚ್ಚು ಓಡಾಡುವುದು ಸೀರೆಯ ಸೆರಗಿನಲ್ಲಿ. ಮೊದಲೆಲ್ಲ ಸೆರಗಿನ ಎಳೆಗಳನ್ನೇ ಸೇರಿಸಿ ಗಂಟು ಹಾಕಿಬಿಡುತ್ತಿದ್ದರು. ಈಗ ರೇಷ್ಮೆ ದಾರದಲ್ಲಿ ಚೈನು, ಕಂಬ, ಕಮಾನು ಎಂಬ ಹೆಣಿಗೆಗಳನ್ನು ಹಾಕಿ, ನಡುನಡುವೆ ಮಣಿ ಪೋಣಿಸಿ, ಕೆಳಗೆ ಪುಟ್ಟ ಪುಟ್ಟ ಕುಚ್ಚು ಕಟ್ಟುತ್ತಾರೆ. ಸೆರಗಿನ ಅಗಲ ಸುಮಾರು 45 ಇಂಚು. ಮೂರು ಸಾಲಿನ ಡಿಸೈನ್ ಆದರೆ ಪಳಗಿದ ಕೈಗೂ ಒಂದೂವರೆ ದಿನ ಬೇಕು, ಕತ್ತು ಬಗ್ಗಿಸಿಯೇ ಕೂತಿರಬೇಕು. ಇಂಥದ್ದೊಂದು ಕೆಲಸಕ್ಕೆ ಒಂದು ಸೀರೆ ಅಂಗಡಿ ಗಿರಾಕಿಯಿಂದ 1,200 ರೂಪಾಯಿ ತೆಗೆದುಕೊಂಡು, ನನ್ನ ಬಳಿ ಕಲಿತ ಹುಡುಗಿಯ ಕೈಗೆ 350 ಕೊಟ್ಟಿತು. ದಾರ, ಮಣಿಯ ಖರ್ಚೂ ಅವಳದೇ. ಅವಳು ಕೇಳಿದ್ದಕ್ಕೆ ಅಂಗಡಿಯವರು, 'ಮನೇಲಿ ಸುಮ್ನೆ ಕೂತಿರ್ತೀಯಲ್ಲ, ಮತ್ತೇನಮ್ಮ?' ಎಂದರಂತೆ. ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಸ್ವೆಟರಿನ ಲೆಕ್ಕ ಇದಕ್ಕಿಂತ ಕಷ್ಟ. ದೊಡ್ಡವರ ಪೂರ್ತಿ ತೋಳಿನ ಸ್ವೆಟರಿಗೆ ಅರ್ಧ ಕಿಲೋ ನೂಲು ಬೇಕು. ಅಕ್ರಿಲಿಕ್ ಆದರೂ ನಾನೂರು ರೂಪಾಯಿಯ ಹತ್ತಿರ. ವೇಗದ ಕೈಗೂ 40 ಗಂಟೆಯ ಕೆಲಸ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆಗೆ ಒಂದು ದಿನವೆಂದು ಹಿಡಿದರೆ ಐದು ದಿನದ ಕೂಲಿ 1,850, ನೂಲು ಸೇರಿ 2,250. ಗಿರಾಕಿಗಳು ಎಂಟುನೂರಕ್ಕಿಂತ ಮೇಲೆ ಹೋಗುವುದಿಲ್ಲ, ಅಂಗಡಿಯಲ್ಲಿ ಮಿಷನ್ ಸ್ವೆಟರ್ ಅದಕ್ಕೂ ಅಗ್ಗಕ್ಕೆ ಸಿಗುತ್ತದೆ. ಅದು ಸಿಗುವುದು ಸಹಜವೇ. ಹೆಣಿಗೆಗೆ ಯಂತ್ರ ಬಂದು ನಾನೂರು ವರ್ಷ ದಾಟಿತು. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ. ಆದರೆ ಕ್ರೋಶಾ ಹಾಗಲ್ಲ. ಕೈಯಲ್ಲಿ ಹಾಕುವ ಕ್ರೋಶಾವನ್ನು ಅದೇ ರೀತಿ ಹಾಕುವ ಯಂತ್ರ ಇಂದಿಗೂ ಮಾರುಕಟ್ಟೆಗೆ ಬಂದಿಲ್ಲ. ಕ್ರೋಶಾ ಯಂತ್ರ ಎಂದು ಮಾರುವವು ಬೇರೆ ಬಗೆಯ ಹೆಣಿಗೆ ಹಾಕುತ್ತವೆ. ಪೇಟೆಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಟಾಪು ನಿಜವಾದ ಕ್ರೋಶಾ ಆಗಿದ್ದರೆ ಎಲ್ಲೋ ಒಬ್ಬ ಹೆಂಗಸು ಗಂಟೆಗಟ್ಟಲೆ ಕೂತು ಅದನ್ನು ಹಾಕಿದ್ದಾಳೆ. ಅವಳಿಗೆ ಸಿಕ್ಕಿದ್ದೆಷ್ಟು ಎಂದು ಓದುಗರು ಒಮ್ಮೆ ಲೆಕ್ಕ ಹಾಕಲಿ.

ಆಂಧ್ರದ ನರಸಾಪುರದಲ್ಲಿ ಇದೆಲ್ಲ ಮೊದಲೇ ಆಗಿಹೋಗಿದೆ. ಗೋದಾವರಿಯ ಆ ಸೀಮೆಗೆ 19ನೇ ಶತಮಾನದಲ್ಲಿ ಕ್ರಿಶ್ಚಿಯನ್ ಮಿಷನರಿಗಳು ತಂದ ಕ್ರೋಶಾ ಲೇಸು ಮನೆಮನೆಗೂ ಹಬ್ಬಿ ವಿದೇಶಗಳಿಗೆ ಹೋಗತೊಡಗಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಹೆಂಗಸರ ನಡುವೆ ಅಧ್ಯಯನ ನಡೆಸಿ 1982ರಲ್ಲಿ ಪ್ರಕಟಿಸಿದರು. ಲೋಕದ ಮಾರುಕಟ್ಟೆಗೆ ದುಡಿಯುತ್ತಿದ್ದವರನ್ನು ಬರೀ ಗೃಹಿಣಿಯರೆಂದು ಕಂಡಿದ್ದರಿಂದಲೇ ಅವರಿಗೆ ಅಷ್ಟು ಕಡಿಮೆ ಕೂಲಿ ಕೊಟ್ಟು ದಕ್ಕಿಸಿಕೊಳ್ಳಲು ಆಯಿತು ಎಂದು ಅವರು ತೋರಿಸಿದರು. 2024ರಲ್ಲಿ ನರಸಾಪುರದ ಲೇಸಿಗೆ ಜಿಐ, ಅಂದರೆ ಆ ಊರಿನದೇ ವಸ್ತುವೆಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಸಂತೋಷ. ಹೆಣೆದವರನ್ನು ಕೆಲಸಗಾರರೆಂದು ಎಣಿಸುವುದು ಅದಕ್ಕೂ ಮೊದಲೇ ಆಗಬೇಕಿತ್ತು.

ಹಾಗಾದರೆ ಇದರಲ್ಲಿ ಬದುಕು ಕಟ್ಟಿಕೊಳ್ಳಲು ಆಗುವುದಿಲ್ಲವೇ? ಆಗುತ್ತದೆ. ಹೆಣೆದದ್ದನ್ನು ಮಾರುವುದಕ್ಕಿಂತ ಹೆಣಿಗೆಯ ವಿದ್ಯೆಯನ್ನು ಕಲಿಸುವುದರಲ್ಲಿ ಹೆಚ್ಚು ಆದಾಯವಿದೆ. ಈ ದಾರಿ ತೋರಿಸಿದವರಲ್ಲಿ ಎಲಿಜಬೆತ್ ಜಿಮ್ಮರ್‌ಮನ್ ದೊಡ್ಡ ಹೆಸರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ ಈಕೆ 1959ರಲ್ಲಿ ನೂಲು ಮತ್ತು ಹೆಣಿಗೆಯ ವಿನ್ಯಾಸಗಳನ್ನು ಅಂಚೆಯಲ್ಲಿ ಮಾರುವ ಸ್ವಂತ ಸಂಸ್ಥೆ ಕಟ್ಟಿದರು, 1974ರಲ್ಲಿ ಹೆಣಿಗೆ ಶಿಬಿರ ಶುರು ಮಾಡಿದರು. ಮುಂದೆ ಮಗಳು ಅದನ್ನು ನಡೆಸಿಕೊಂಡು ಬಂದರು.

ನನ್ನ ಶಿಬಿರದ ಎರಡನೇ ದಿನ ಬೆಳಿಗ್ಗೆ ನಾನು ಹೇಳಿಕೊಡುವುದು ಜಿಮ್ಮರ್‌ಮನ್ ಅವರ ಶೇಕಡಾವಾರು ಲೆಕ್ಕವನ್ನೇ. ಮೊದಲು ಒಂದು ತುಂಡು ಹೆಣೆದು, 10 ಸೆಂಟಿಮೀಟರ್ ಅಗಲದಲ್ಲಿ ಎಷ್ಟು ಕುಣಿಕೆ ಬರುತ್ತದೆ ಎಂದು ಎಣಿಸಬೇಕು. 20 ಬಂತು ಎಂದುಕೊಳ್ಳಿ. ಸ್ವೆಟರಿನ ಎದೆಸುತ್ತು 90 ಸೆಂಟಿಮೀಟರ್ ಬೇಕಾದರೆ ಮೈಗೆ 180 ಕುಣಿಕೆ. ಅದರ ಶೇಕಡಾ 20, ಅಂದರೆ 36, ತೋಳಿನ ತುದಿಗೆ. ತೋಳಿನ ಮೇಲ್ಭಾಗಕ್ಕೆ ಸುಮಾರು ಮೂರನೇ ಒಂದು ಪಾಲು, 60. ಕುತ್ತಿಗೆಗೆ ಶೇಕಡಾ 40, 72. ಇಷ್ಟು ತಿಳಿದರೆ ಯಾರ ಅಳತೆಗೂ, ಯಾವ ನೂಲಿನಲ್ಲೂ ಸ್ವೆಟರ್ ಹಾಕಬಹುದು, ಇನ್ನೊಬ್ಬರ ಚಾರ್ಟು ನೋಡಬೇಕಿಲ್ಲ. ಹತ್ತನೇ ತರಗತಿಯಲ್ಲಿ ಗಣಿತ ಫೇಲಾಗಿ ಶಾಲೆ ಬಿಟ್ಟಿದ್ದ ಹೊಸನಗರದ ಕಡೆಯ ಒಬ್ಬ ಅಕ್ಕ ಈ ಲೆಕ್ಕವನ್ನು ಪಟಪಟನೆ ಬಿಡಿಸಿ, ಪಕ್ಕದಲ್ಲಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗಿಗೂ ಹೇಳಿಕೊಟ್ಟರು. ಆ ಅಕ್ಕ ಈಗ ತಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ತಾವೇ ಕಲಿಸುತ್ತಾರೆ. ಇದು ನನಗೆ ಬಹಳ ಹೆಮ್ಮೆಯ ವಿಷಯ.

ಶಿಬಿರದ ಹಣದ ಲೆಕ್ಕವನ್ನೂ ಬಿಚ್ಚಿ ಹೇಳುತ್ತೇನೆ, ಈ ದಾರಿ ಹಿಡಿಯುವ ಹೆಣ್ಣುಮಕ್ಕಳಿಗೆ ಬೇಕಾಗುತ್ತದೆ. ಒಬ್ಬರಿಗೆ 6,500 ರೂಪಾಯಿ. ಊಟ, ವಸತಿಗೆಂದು ಹೋಂಸ್ಟೇಗೆ 3,600, ನೂಲು ಕಡ್ಡಿಗಳಿಗೆ 900, ಉಳಿಯುವುದು 2,000. ಹತ್ತು ಜನ ಬಂದರೆ ಇಪ್ಪತ್ತು ಸಾವಿರ, ಅದರಲ್ಲೇ ಇಬ್ಬರು ಸಹಾಯಕಿಯರ ಸಂಬಳ. ಹತ್ತಕ್ಕಿಂತ ಹೆಚ್ಚು ಜನರನ್ನು ಸೇರಿಸಬಾರದು. ಹೊಸಬರ ಕೈಯನ್ನು ಪಕ್ಕದಲ್ಲೇ ಕೂತು ನೋಡಬೇಕು, ದಾರ ಬಿಗಿ ಹಿಡಿದಿದ್ದಾರೋ ಸಡಿಲವೋ ಎಂದು. ಮಳೆಗಾಲದಲ್ಲಿ ಹೋಂಸ್ಟೇಗಳು ಖಾಲಿ ಇರುವುದರಿಂದ ಈ ದರಕ್ಕೆ ಒಪ್ಪುತ್ತಾರೆ. ಅದೇ ಮಳೆಯಲ್ಲಿ ಕಾಟನ್ ದಾರ ಮುಗ್ಗಲು ಹಿಡಿಯುತ್ತದೆ, ತೊಳೆದು ಹರವಿದ ಹೆಣಿಗೆ ಒಣಗುವುದೇ ಇಲ್ಲ. ಬಚ್ಚಲೊಲೆಯ ಬಿಸಿ ತಾಗುವ ಕಡೆ ಹರವುವುದನ್ನೂ ನಾವು ಪಾಠದಲ್ಲೇ ಸೇರಿಸಿದ್ದೇವೆ.

ಇಷ್ಟೆಲ್ಲ ಇದ್ದರೂ ಸರ್ಕಾರದ ಪಟ್ಟಿಯಲ್ಲಿ ನಾವಿಲ್ಲ. 2023ರ ಸೆಪ್ಟೆಂಬರ್ 17ರಂದು ಕೈಕಸುಬಿನವರಿಗಾಗಿ ಶುರುವಾದ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ದರ್ಜಿ, ಹೂಮಾಲೆ ಕಟ್ಟುವವರು, ಮೀನಿನ ಬಲೆ ಹೆಣೆಯುವವರು ಎಲ್ಲರೂ ಇದ್ದಾರೆ, ಇರಲೇಬೇಕು. ಅವರಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000, ಎರಡು ಕಂತಿನಲ್ಲಿ ಮೂರು ಲಕ್ಷದವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಬಲೆ ಹೆಣೆಯುವುದು ಕಸುಬಾದರೆ ಸ್ವೆಟರ್ ಹೆಣೆಯುವುದು, ಸೆರಗಿಗೆ ಕುಚ್ಚು ಹಾಕುವುದು ಯಾಕಲ್ಲ? ಕರಕುಶಲ ವಸ್ತುಗಳ ರಫ್ತಿನ ಲೆಕ್ಕದಲ್ಲಿ ಕಸೂತಿ ಮತ್ತು ಕ್ರೋಶಾಕ್ಕೆಂದೇ ಒಂದು ಬಾಬ್ತು ಇದೆ. ವಸ್ತುವನ್ನು ಎಣಿಸುವ ಸರ್ಕಾರ ಅದನ್ನು ಮಾಡಿದವರನ್ನೂ ಎಣಿಸಲಿ. ನಮ್ಮ ಸಂಸದರು ಇದನ್ನು ದೆಹಲಿಯಲ್ಲಿ ಕೇಳಬೇಕು.

ಅಲ್ಲಿಯವರೆಗೆ ಜಿಲ್ಲೆಯಲ್ಲೇ ಆಗಬಹುದಾದ ಒಂದು ಕೆಲಸವಿದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಗೆ ಹಣ ಕಟ್ಟಬೇಕಿಲ್ಲ, ಆಧಾರ್ ಇದ್ದರೆ ಶುರು ಮಾಡಬಹುದು. ಹೆಣಿಗೆ ಮತ್ತು ಕ್ರೋಶಾ ಉಡುಪು ತಯಾರಿಕೆಗೆ ಸರ್ಕಾರದ ಉದ್ಯಮ ವರ್ಗೀಕರಣದಲ್ಲಿ 1430 ಎಂಬ ಸಂಕೇತವೂ ಇದೆ. ಇದು ನಮ್ಮ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದವರು ಹೋಬಳಿಗೊಂದು ದಿನ ನೋಂದಣಿ ಶಿಬಿರ ನಡೆಸಲಿ, ಬ್ಯಾಂಕಿನವರನ್ನೂ ಕರೆತರಲಿ. ಆಷಾಢದ ಮೊದಲ ಹದಿನೈದು ದಿನಗಳಲ್ಲಿ ಇಟ್ಟರೆ ಒಳ್ಳೆಯದು. ಆಗ ಮದುವೆಗಳಿಲ್ಲದೆ ಕುಚ್ಚಿನ ಕೆಲಸ ಕಡಿಮೆ ಇರುತ್ತದೆ. ಆಮೇಲೆ ವರಮಹಾಲಕ್ಷ್ಮಿ ಹಬ್ಬದ ಸೀರೆಗಳು ಬರತೊಡಗಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಜಾಗಕ್ಕೆ ತೊಂದರೆಯಾದರೆ ನಮ್ಮ ಜಗಲಿ ಇದೆ, ಅರ್ಜಿ ತುಂಬಿಕೊಡಲು ನಾನೂ ನನ್ನ ಸಹಾಯಕಿಯರೂ ಬರುತ್ತೇವೆ.

ಇತಿ,
ಹೆಣಿಗೆ ಶಿಕ್ಷಕಿ, ತೀರ್ಥಹಳ್ಳಿ