ಸಹಾಯಾರ್ಥ ಆಟ: ಹಣ ಯಾರ ಹೆಸರಿಗೆ?

ಮಾನ್ಯರೇ,

ದೀಪಾವಳಿ ದಾಟಿದರೆ ಶಿರಸಿ, ಯಲ್ಲಾಪುರ, ಕುಮಟಾ ಕಡೆ ಸಹಾಯಾರ್ಥ ಯಕ್ಷಗಾನಗಳ ಕಾಲ. ‘ಕ್ಯಾನ್ಸರ್ ಸಂಶೋಧನೆಯ ಸಹಾಯಾರ್ಥ’ ಎಂಬ ಬ್ಯಾನರ್ ಕಂಡರೆ ಜನ ಕೈಬಿಚ್ಚಿಯೇ ಕೊಡುತ್ತಾರೆ. ಸಮಿತಿಗಳು ಎಡವುವುದು ಲೆಕ್ಕದಲ್ಲಿ.

200 ರೂಪಾಯಿಯ 500 ಟಿಕೆಟ್ ಖರ್ಚಾದವು ಎನ್ನಿ, ಒಂದು ಲಕ್ಷವಾಯಿತು. ಮೇಳದ ಸಂಭಾವನೆ, ಶಾಮಿಯಾನ, ಮೈಕು, ಊಟ, ಕರಪತ್ರ ಎಂದು 80 ಸಾವಿರ ಹೋದರೆ ಸಂಶೋಧನೆಗೆ ಸಲ್ಲುವುದು ಟಿಕೆಟ್ಟಿಗೆ 40 ರೂಪಾಯಿ. ಖರ್ಚಿಗೆ ಪ್ರಾಯೋಜಕರನ್ನು ಮೊದಲೇ ಹಿಡಿದು, ಟಿಕೆಟ್ ಹಣ ಮುಟ್ಟದಿರುವುದು ಸರಿಯಾದ ದಾರಿ. ಪ್ರಾಯೋಜಕರು ಸಿಗದಿದ್ದರೆ ಆಟವನ್ನೇ ಕೈಬಿಟ್ಟು ಮನೆಮನೆಗೆ ಹೋಗುವುದು ವಾಸಿ.

ಟಿಕೆಟ್ ಕೊಂಡದ್ದು ದಾನವಲ್ಲ, ಆಟ ನೋಡಿದ ಬಾಬ್ತು. ದಾನ ಕೊಟ್ಟವರಿಗಿರುವ, 80ಜಿ ಎಂದೇ ರೂಢಿಯಾದ ಆದಾಯ ತೆರಿಗೆ ವಿನಾಯಿತಿ ಅದಕ್ಕೆ ಸಿಗದು. ಬೇರೆಯಾಗಿ ದೇಣಿಗೆ ಕೊಟ್ಟರೂ, ಸಮಿತಿಗೆ 80ಜಿ ನೋಂದಣಿ ಇಲ್ಲದಿದ್ದರೆ ಅದರ ರಶೀದಿ ತೆರಿಗೆಗೆ ನಡೆಯುವುದಿಲ್ಲ. ಎಲ್ಲರ ಹಣ ಒಟ್ಟುಮಾಡಿ ಸಮಿತಿ ಒಂದೇ ಚೆಕ್ ಕಳಿಸಿದರೆ ಕ್ಯಾನ್ಸರ್ ಸಂಸ್ಥೆಯ ಪುಸ್ತಕದಲ್ಲಿ ದಾನಿ ಎಂದು ಬರುವುದು ಸಮಿತಿಯ ಹೆಸರೇ. ಹಾಗಾಗಿ ಅಡಿಕೆ ವ್ಯಾಪಾರಿಯೊಬ್ಬರು 25 ಸಾವಿರ ಕೊಡುತ್ತೇನೆಂದರೆ ಬೆಂಗಳೂರಿನ ಕಿದ್ವಾಯಿಯೋ ಮುಂಬಯಿಯ ಟಾಟಾ ಮೆಮೋರಿಯಲ್ಲೋ, ಆ ಸಂಸ್ಥೆಯ ಹೆಸರಿಗೇ ಚೆಕ್ ಬರೆಸಿ. ದಾನಿಯ ಪೂರ್ತಿ ಹೆಸರು, ವಿಳಾಸ, ಪ್ಯಾನ್ ಜೊತೆಗಿಡಿ. ಪ್ಯಾನ್‌ನಲ್ಲಿ ಸೊನ್ನೆ ಬದಲು ‘ಒ’ ಅಕ್ಷರ ಬಿದ್ದರೂ ದೇಣಿಗೆಯ ಸರ್ಟಿಫಿಕೇಟಿಗೆ ಅಲೆದಾಟ ತಪ್ಪದು. ನಗದು 2,000 ಮೀರಿದರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯವರಿಗಂತೂ ಇಲ್ಲವೇ ಇಲ್ಲ. ದಾನಿಗೆ ಇದನ್ನು ಮೊದಲೇ ಹೇಳಿಬಿಡಿ.

ಚೆಕ್ಕಿನ ಜೊತೆ ಪತ್ರ ಹೋಗಲೇಬೇಕು. ಬರೀ ‘ದೇಣಿಗೆ’ ಎಂದರೆ ಹಣ ಸಾಮಾನ್ಯ ನಿಧಿಗೆ ಸೇರಬಹುದು. ಬಡ ರೋಗಿಗಳ ಔಷಧಿಗೋ ಸಂಶೋಧನೆಗೋ ಎಂದು ಸ್ಪಷ್ಟವಾಗಿ ಬರೆಯಿರಿ. ಎರಡೂ ಒಳ್ಳೆಯವೇ, ಆದರೆ ಬ್ಯಾನರ್‌ನಲ್ಲಿ ಒಂದು, ಪತ್ರದಲ್ಲಿ ಇನ್ನೊಂದು ಆಗಬಾರದು. ಸಂಶೋಧನೆ ಎಂದರೆ ಸೂಕ್ಷ್ಮದರ್ಶಕ ಮಾತ್ರವಲ್ಲ: ಗಡ್ಡೆಯ ಚೂರುಗಳನ್ನು ಮೈನಸ್ 80 ಡಿಗ್ರಿಯಲ್ಲಿಡುವ ಫ್ರೀಜರಿನ ಕರೆಂಟು, ಚಿಕಿತ್ಸೆ ಮುಗಿಸಿದವರನ್ನು ವರ್ಷಗಟ್ಟಲೆ ವಿಚಾರಿಸುವ ಸಿಬ್ಬಂದಿಯ ಸಂಬಳ. ಯಾವುದಕ್ಕೆ ಕೊರತೆಯಿದೆ ಎಂದು ಸಂಸ್ಥೆಯನ್ನೇ ಕೇಳಿ ಕೊಡಬಹುದು.

ಗೇಟಿನ ಬಳಿಯ ಕ್ಯೂಆರ್ ಕೋಡ್ ಯಾರದೋ ಸ್ವಂತ ಖಾತೆಯದಾಗಿರುವುದು ಬೇಡ. ಅದರ ಮೇಲೆ ಬೇರೆ ಸ್ಟಿಕರ್ ಅಂಟಿಸಿ ಮೋಸ ಮಾಡುವವರೂ ಇದ್ದಾರೆ. ಪಿನ್ ಒತ್ತುವ ಮೊದಲು ಮೊಬೈಲಿನಲ್ಲಿ ಮೂಡುವ ಹೆಸರು ಓದಿ. ಡಬ್ಬಿಯ ಹಣವನ್ನು ಅದೇ ರಾತ್ರಿ ಚೌಕಿಯ (ವೇಷ ಕಟ್ಟುವ ಜಾಗದ) ಪಕ್ಕದಲ್ಲೇ ಇಬ್ಬರು ಕೂತು ಎಣಿಸಿ, ಸಹಿ ಹಾಕಿ, ಬೆಳಗಾದ ಮೇಲೆ ಬ್ಯಾಂಕಿಗೆ ಕಟ್ಟಲಿ. ಸಂಸ್ಥೆಯಿಂದ ಬಂದ ರಶೀದಿಯ ನಕಲನ್ನು ಊರಿನ ಸೊಸೈಟಿಯ ಬೋರ್ಡಿಗೆ ಹಚ್ಚಿ, ಪಕ್ಕದಲ್ಲಿ ಖರ್ಚಿನ ಪಟ್ಟಿಯೂ ಇರಲಿ.

– ಲೆಕ್ಕಪತ್ರ ನೋಡುವ ಓದುಗರು, ಶಿರಸಿ