ಭಾನುವಾರದ ಚರ್ಚೆ: 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದ ಬಗೆ

ಸದಸ್ಯರೆಲ್ಲರಿಗೂ ನಮಸ್ಕಾರ. ಅಮೆರಿಕ ಮೊದಲ ಮಹಾಯುದ್ಧ ಸೇರಲು 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಮುಳುಗಿದ ಬ್ರಿಟಿಷ್ ಪ್ರಯಾಣಿಕ ಹಡಗು ಲುಸಿಟೇನಿಯಾವೇ ಕಾರಣವೆಂದು ಹಲವರು ಹೇಳುವುದುಂಟು. ಆದರೆ ಆ ದುರಂತದಲ್ಲಿ 128 ಅಮೆರಿಕನ್ನರು ಸತ್ತ ಮೇಲೂ ಸುಮಾರು ಎರಡು ವರ್ಷ ಆ ದೇಶ ತಟಸ್ಥವಾಗಿಯೇ ಉಳಿಯಿತು ಎಂಬುದನ್ನು ದಯವಿಟ್ಟು ಗಮನಿಸಿ. ಬ್ರಿಟನ್, ಫ್ರಾನ್ಸ್‌ಗಳಿಗೆ ಸಾಲವೂ ಸರಕೂ ಹೋಗುತ್ತಿದ್ದುದರಿಂದ ಆ ತಟಸ್ಥತೆ ಆಗಲೇ ಒಂದು ಕಡೆಗೆ ವಾಲಿತ್ತು ಎಂಬುದು ನನ್ನ ಅಭಿಪ್ರಾಯ. 1917ರ ಫೆಬ್ರವರಿಯಲ್ಲಿ ಜರ್ಮನಿ ಜಲಾಂತರ್ಗಾಮಿಗಳ ಅನಿರ್ಬಂಧಿತ ದಾಳಿಯನ್ನು (ಎಚ್ಚರಿಕೆ ಕೊಡದೆ ಹಡಗುಗಳನ್ನು ಮುಳುಗಿಸುವುದನ್ನು) ಮತ್ತೆ ಆರಂಭಿಸಿದ್ದು, ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾಗಳನ್ನು ಮರಳಿ ಪಡೆಯಬಹುದೆಂದು ಮೆಕ್ಸಿಕೊಗೆ ಆಸೆ ತೋರಿಸಿದ, ಜರ್ಮನ್ ವಿದೇಶಾಂಗ ಮಂತ್ರಿ ಝಿಮ್ಮರ್‌ಮನ್ ಕಳಿಸಿದ ಗುಪ್ತ ತಂತಿ ಸಂದೇಶ ಬಯಲಾದದ್ದು, ಇವೆರಡೂ ಸೇರಿ ಜನಮತವನ್ನು ತಿರುಗಿಸಿದವು. ಏಪ್ರಿಲ್ 6ರಂದು ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ 373-50 ಮತಗಳಿಂದ ಯುದ್ಧಕ್ಕೆ ಒಪ್ಪಿತು. ವಿರೋಧಿಸಿದವರಲ್ಲಿ ಸಭೆಯ ಮೊದಲ ಮಹಿಳಾ ಸದಸ್ಯೆ ಜೆನೆಟ್ ರ್‍ಯಾಂಕಿನ್ ಅವರೂ ಇದ್ದರು. ಅವರ ನಿಲುವಿಗೂ ಚರ್ಚೆಯಲ್ಲಿ ಸಾಕಷ್ಟು ಸಮಯ ಕೊಡಬೇಕೆಂದು ಕೋರುತ್ತೇನೆ.