ತತ್ವಚಿಂತನೆ ಅರಳಿಕಟ್ಟೆಗೂ ಬರಲಿ

ಮಾನ್ಯರೇ,

ನವೆಂಬರ್ ಮೂರನೇ ಗುರುವಾರದ ವಿಶ್ವ ತತ್ವಶಾಸ್ತ್ರ ದಿನ ನಮ್ಮಲ್ಲಿ ಕಾಲೇಜು ಸಭಾಂಗಣ ದಾಟಿ ಊರೊಳಗೆ ಬರುವುದೇ ಅಪರೂಪ. ಹಾರ, ಭಾಷಣ, ಕಾಫಿ, ಅಲ್ಲಿಗೆ ಮುಗಿಯಿತು.

12ನೇ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವರೂ ವಚನಕಾರರು. ಗಂಡ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಅಲ್ಲೇ ಸುರಿದು ಬನ್ನಿ ಎಂದವರು ಆಯ್ದಕ್ಕಿ ಲಕ್ಕಮ್ಮ. ಎಷ್ಟಿದ್ದರೆ ಸಾಕು? ಇದು ಅಡುಗೆಮನೆಯಲ್ಲೇ ಹುಟ್ಟಿದ ಪ್ರಶ್ನೆ ಅಲ್ವಾ?

ಮೊನ್ನೆ ನಮ್ಮೂರ ಅರಳಿಕಟ್ಟೆಯಲ್ಲಿ ಒಬ್ಬರು, ಮಗಳ ಮದುವೆಗೆ ಅರ್ಧ ಎಕರೆ ಅಡಿಕೆ ತೋಟ ಮಾರಲೇ ಎಂದು ಸುಮ್ನೆ ಕೇಳಿದರು. ಮರ್ಯಾದೆ ಅಂದರೆ ಏನು, ಅದು ಯಾರ ಕಣ್ಣಿಗೆ ಎಂಬಲ್ಲಿಗೆ ಮಾತು ಹೋಯಿತು. ಕತ್ತಲಾಯಿತು, ಸೊಳ್ಳೆ ಮುತ್ತಿದವು. ಯಾರೂ ಏಳಲಿಲ್ಲ. ತೋಟದ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಅದು ಬೇರೆ ಮಾತು.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ತಿಂಗಳಿಗೊಂದು ಸಂಜೆ ಇಂಥ ಒಂದೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಜನರನ್ನು ಮಾತಿಗೆ ಕರೆಯಲಿ. ವೇದಿಕೆ, ಮುಖ್ಯ ಅತಿಥಿ ಬೇಡ. ತತ್ವಶಾಸ್ತ್ರದ ಮೇಷ್ಟ್ರು ಬಂದರೆ ಅವರೂ ಎಲ್ಲರ ಜೊತೆ ಚಾಪೆಯ ಮೇಲೆ ಕೂರಲಿ.

– ಒಬ್ಬ ಓದುಗ, ಚನ್ನಗಿರಿ ತಾಲ್ಲೂಕು